ಹೆಸರು ಹೇಳದ ಹಾಡು

ಚೆನ್ನೈನ ಗಿಂಡಿಯಲ್ಲಿ, ಸರ್ದಾರ್ ಪಟೇಲ್ ರಸ್ತೆಯ ಬದಿಗೆ, ನೆನಪಿಗೆಂದೇ ಕಟ್ಟಿದ ಕಟ್ಟಡಗಳ ಒಂದು ಸಾಲಿದೆ. 1956ರಲ್ಲಿ ತೆರೆದ ಗಾಂಧಿ ಮಂಟಪ, ಅದೇ ಆವರಣದಲ್ಲಿ ರಾಜಾಜಿ ಮತ್ತು ಕಾಮರಾಜರ ಸ್ಮಾರಕಗಳು, ಹುತಾತ್ಮರ ಸ್ಮಾರಕ. ಅಲ್ಲಿಂದ ಕೂಗಳತೆಯಲ್ಲಿ ಮಕ್ಕಳ ಉದ್ಯಾನ, ಅದರ ಬೆನ್ನಿಗೆ ಚುಕ್ಕೆ ಜಿಂಕೆ, ಕೃಷ್ಣಮೃಗಗಳಿರುವ ರಾಷ್ಟ್ರೀಯ ಉದ್ಯಾನ. ಸ್ವಲ್ಪ ಪಶ್ಚಿಮಕ್ಕೆ ಹೋದರೆ ನಂದಂಬಾಕ್ಕಂನ ಯುದ್ಧ ಸ್ಮಶಾನ. ಎರಡನೆಯ ಮಹಾಯುದ್ಧದಲ್ಲಿ ಮಡಿದ ಎಂಟುನೂರಕ್ಕೂ ಹೆಚ್ಚು ಮಂದಿ ಅಲ್ಲಿ ಮಲಗಿದ್ದಾರೆ. ಎಷ್ಟೋ ಕಲ್ಲುಗಳ ಬುಡದಲ್ಲಿ ಸತ್ತವನ ಮನೆಯವರೇ ಆರಿಸಿದ ಒಂದೆರಡು ಸಾಲುಗಳಿವೆ.

ಮನೆಯೊಳಗಿನ ಹೊಡೆತಕ್ಕೆ, ಬೇಕೆಂದೇ ಹಾಕಿದ ಉಪವಾಸಕ್ಕೆ, ಲೈಂಗಿಕ ಹಿಂಸೆಗೆ ಬಲಿಯಾದ ಮಗುವಿಗೆ ಇಂಥ ಕಲ್ಲು ಸಿಗುವುದಿಲ್ಲ. ಹಲವು ಪ್ರಕರಣಗಳಲ್ಲಿ ಆ ಮಗುವಿನ ಹೆಸರನ್ನು ನಾಲ್ಕು ಜನರ ಮುಂದೆ ಬರೆಯಲು ಕಾನೂನೇ ಬಿಡುವುದಿಲ್ಲ. ಅಂಥ ಮಗುವನ್ನು ಪ್ರೀತಿಸಿದವರು, ಅಂದರೆ ಅಜ್ಜಿಯೋ ಚಿಕ್ಕಮ್ಮನೋ ಟೀಚರೋ ಪಕ್ಕದ ಮನೆಯವರೋ, ಒಂದು ಹಾಡು ಕಟ್ಟಬೇಕೆಂದು ಕೂತಾಗ ಎದುರಾಗುವ ಪ್ರಶ್ನೆಗಳಿಗೆ ಈ ಲೇಖನ. ಕವಿಯಾಗಿರಬೇಕಿಲ್ಲ, ಸಂಗೀತ ಕಲಿತಿರಬೇಕಿಲ್ಲ. ಆದರೆ ಕೆಲವು ವಿಷಯಗಳನ್ನು ಪೆನ್ನು ಹಿಡಿಯುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಇಲ್ಲದಿದ್ದರೆ ಹಾಡು ಮಗುವನ್ನು ಬಿಟ್ಟು ಬೇರೆ ಯಾರದ್ದೋ ಆಗಿಬಿಡುತ್ತದೆ.

ಯಾರನ್ನು ಕೇಳಬೇಕು

ನೀವು ಮಗುವಿನ ಹತ್ತಿರದ ರಕ್ತಸಂಬಂಧಿ ಅಲ್ಲದಿದ್ದರೆ ಮೊದಲು ಅಪ್ಪಣೆ ಕೇಳಿ. ಕಷ್ಟವಿರುವುದು ಇಲ್ಲೇ. ಹಿಂಸೆ ಕೊಟ್ಟವರು ಮನೆಯವರೇ ಆಗಿದ್ದರೆ ‘ಕುಟುಂಬದವರ ಒಪ್ಪಿಗೆ’ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ. ಒಂದೇ ಮನೆ ಎರಡು ಹೋಳಾಗಿರುತ್ತದೆ. ಆಗ ಮಗುವಿಗೆ ಉಣಿಸಿದವರು, ಎಣ್ಣೆ ಹಚ್ಚಿದವರು, ಶಾಲೆಗೆ ಬಿಟ್ಟುಬಂದವರು ಯಾರು ಎಂದು ನೋಡಿ ಅವರನ್ನು ಕೇಳಿ. ಅವರು ಬೇಡ ಎಂದರೆ ಬೇಡ. ಹಾಡನ್ನು ಬರೆದು ನಿಮ್ಮಲ್ಲೇ ಇಟ್ಟುಕೊಳ್ಳಬಹುದು, ಹಾಡಬಾರದು.

ಮೊಕದ್ದಮೆ ನಡೆಯುತ್ತಿದ್ದರೆ ಮನೆಯವರಲ್ಲಿ ಕೆಲವರು ಸಾಕ್ಷಿಗಳಾಗಿರುತ್ತಾರೆ. ಅವರ ಬಾಯಿಂದ ಬಂದ ಪ್ರತಿ ಮಾತಿಗೂ ಕೋರ್ಟಿನಲ್ಲಿ ತೂಕವಿರುತ್ತದೆ, ಹಾಡಿನ ಮಾತಾದರೂ ಅಷ್ಟೇ. ಆದ್ದರಿಂದ ಸಾಹಿತ್ಯವನ್ನು ಸರ್ಕಾರಿ ವಕೀಲರಿಗೋ ಕುಟುಂಬದ ವಕೀಲರಿಗೋ ಒಮ್ಮೆ ತೋರಿಸಿ. ತೀರ್ಪು ಬರುವವರೆಗೆ ಹೊರಗೆ ಹಾಡದೆ ಇರುವುದು ಕ್ಷೇಮ. ಬರೆಯುವುದನ್ನಂತೂ ಯಾರೂ ತಡೆಯುವುದಿಲ್ಲ.

ಕಾನೂನು ಹೇಳುವುದೇನು

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆಂದೇ ಮಾಡಿದ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂತು. ಅದರ 23ನೇ ಕಲಮಿನ ಪ್ರಕಾರ ಮಾಧ್ಯಮದಲ್ಲಿ ಮಗುವಿನ ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಹತ್ತಿಸುವ ಬೇರೆ ಯಾವ ಸುಳಿವೂ ಬರಕೂಡದು. ವಿಶೇಷ ನ್ಯಾಯಾಲಯ ಮಾತ್ರ, ಅದು ಮಗುವಿನ ಹಿತಕ್ಕೆಂದು ಕಂಡರೆ, ಕಾರಣ ಬರೆದು ಅನುಮತಿ ಕೊಡಬಹುದು. ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲೂ ಇಂಥದ್ದೇ ನಿಷೇಧವಿದೆ. ಲೈಂಗಿಕವಲ್ಲದ ಹಿಂಸೆಯಾದರೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ನೆನಪಿರಲಿ: ತನಿಖೆ ಮತ್ತು ವಿಚಾರಣೆಯ ವರದಿಗಳಲ್ಲಿ ಅಪರಾಧಕ್ಕೆ ಬಲಿಯಾದ ಯಾವ ಮಗುವಿನ ಗುರುತೂ ಹೊರಬೀಳಕೂಡದು ಎಂದು ಅದು ಹೇಳುತ್ತದೆ.

‘ಮಗು ತೀರಿಹೋಗಿದೆ, ಇನ್ನು ಯಾರ ಗುಟ್ಟು ಕಾಯುವುದು’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 11ರಂದು ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಸತ್ತವರಿಗೂ ಘನತೆ ಇದೆ. ಹತ್ತಿರದ ಬಂಧುಗಳು ಒಪ್ಪಿದರೂ ಹೆಸರು ಬಹಿರಂಗ ಮಾಡುವಂತಿಲ್ಲ. ಮಾಡಲೇಬೇಕಾದ ಸಂದರ್ಭವಿದ್ದರೆ ಸೆಷನ್ಸ್ ನ್ಯಾಯಾಧೀಶರು ತೀರ್ಮಾನಿಸಬೇಕು. ಯೂಟ್ಯೂಬಿಗೆ ಹಾಕಿದ ಹಾಡು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಹಾಡು, ಸಂಘದ ಸ್ಮರಣ ಸಂಚಿಕೆಯಲ್ಲಿ ಅಚ್ಚಾದ ಹಾಡು, ಎಲ್ಲವನ್ನೂ ಮಾಧ್ಯಮ ಎಂದೇ ಎಣಿಸಿ ನಡೆದುಕೊಳ್ಳುವುದು ವಿವೇಕ. ನಾಲ್ಕು ಗೋಡೆಯ ನಡುವೆ, ಮಗುವನ್ನು ಕಂಡು ಬಲ್ಲವರ ಮುಂದೆ ಹೆಸರು ಹಿಡಿದು ಅಳುವುದು ಬೇರೆ ಮಾತು.

ಆರೋಪಿಯ ಹೆಸರನ್ನೂ ಬಿಡಿ. ಚೆನ್ನೈ ಹೊರವಲಯದಲ್ಲಿ 2017ರಲ್ಲಿ ನಡೆದ ಒಂದು ಪುಟ್ಟ ಮಗುವಿನ ಕೊಲೆ ಇಡೀ ತಮಿಳುನಾಡನ್ನು ನಡುಗಿಸಿತ್ತು. ಕೆಳಗಿನ ಕೋರ್ಟು 2018ರಲ್ಲಿ ಮರಣದಂಡನೆ ಕೊಟ್ಟಿತು, ಅದೇ ವರ್ಷ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಾಕ್ಷ್ಯ ಸಾಲದೆಂದು ಆರೋಪಿಯನ್ನು ಬಿಡುಗಡೆ ಮಾಡಿತು. ಎಂಟು ವರ್ಷಗಳ ನಡುವೆ ಯಾರಾದರೂ ಆ ಹೆಸರನ್ನು ಪಲ್ಲವಿಗೆ ಸೇರಿಸಿ ಹಾಡಿದ್ದರೆ ಇಂದು ಆ ಹಾಡಿನ ಗತಿಯೇನು? ಮಗು ಹೋದದ್ದು ಮಾತ್ರ ಯಾವ ತೀರ್ಪಿಂದಲೂ ಬದಲಾಗದ ಸತ್ಯ. ಆ ಸತ್ಯದ ಮೇಲೆ ಹಾಡು ನಿಂತರೆ ಕೋರ್ಟು ಏನೇ ಹೇಳಲಿ ಹಾಡು ಬೀಳುವುದಿಲ್ಲ.

ಮನೆಯವರಿಗಷ್ಟೇ ಸಿಗುವ ಗುರುತು

ಹೆಸರಿಲ್ಲ, ಊರಿಲ್ಲ, ಶಾಲೆಯಿಲ್ಲ, ಬೀದಿಯಿಲ್ಲ. ಹಾಗಾದರೆ ಹಾಡಿನಲ್ಲಿ ಏನಿರಬೇಕು? ಇಷ್ಟನ್ನೆಲ್ಲ ತೆಗೆದ ಮೇಲೆ ಹೆಚ್ಚಿನವರು ಹೂವು, ಚಿಟ್ಟೆ, ನಕ್ಷತ್ರ, ದೇವದೂತ ಇವುಗಳತ್ತ ಓಡುತ್ತಾರೆ. ಅಲ್ಲಿಗೆ ಮಗು ಎರಡನೆಯ ಸಲ ಕಳೆದುಹೋದಂತೆ. ಕಾನೂನು ಮುಚ್ಚಿಡಿ ಎಂದು ಹೇಳುವುದು ಹೊರಗಿನವನು ಮನೆ ಬಾಗಿಲಿಗೆ ಬಂದು ತಲುಪಬಲ್ಲ ವಿವರಗಳನ್ನು. ಮಗು ಹೇಗೆ ನಗುತ್ತಿತ್ತು, ಯಾವ ಮಾತು ತಪ್ಪಾಗಿ ಆಡುತ್ತಿತ್ತು ಎಂಬುದರಿಂದ ಯಾರಿಗೂ ವಿಳಾಸ ಸಿಗುವುದಿಲ್ಲ, ಆದರೆ ಅಜ್ಜಿಗೆ ಮಗು ಸಿಗುತ್ತದೆ. ಇಡೀ ಹಾಡು ನಿಲ್ಲುವುದು ಈ ಎರಡನೆಯ ಬಗೆಯ ವಿವರದ ಮೇಲೆ.

ಇದಕ್ಕೆ ಕೂತು ಪಟ್ಟಿ ಮಾಡಬೇಕು. ಒಬ್ಬರೇ ಮಾಡಬೇಡಿ, ಮಗುವನ್ನು ಬಲ್ಲ ಮೂರು ನಾಲ್ಕು ಜನ ಸೇರಿ, ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ಅನ್ನ ಹೇಗೆ ಕಲಸಿಕೊಳ್ಳುತ್ತಿತ್ತು. ಯಾವ ಚಪ್ಪಲಿ ಯಾವ ಕಾಲಿಗೆ. ಯಾವುದಕ್ಕೆ ಹೆದರುತ್ತಿತ್ತು, ಯಾವುದಕ್ಕೆ ಹೆದರುತ್ತಲೇ ಇರಲಿಲ್ಲ. ಯಾರ ಮೇಲೆ ಸಿಟ್ಟು. ಸುಳ್ಳು ಹೇಳುವಾಗ ಮುಖ ಎತ್ತ ತಿರುಗುತ್ತಿತ್ತು. ಹಟಮಾರಿತನವನ್ನೂ ಬರೆಯಿರಿ, ತುಂಟತನವನ್ನೂ ಬರೆಯಿರಿ. ಸತ್ತ ಮಗುವನ್ನು ಸಾಧು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ‘ಯಾರಿಗೂ ತೊಂದರೆ ಕೊಡದ ಮಗು’ ಎಂದು ಹಾಡಿದಾಗ, ತೊಂದರೆ ಕೊಡುವ ಮಗುವಿಗೆ ಹೊಡೆದರೆ ಪರವಾಗಿಲ್ಲ ಎಂಬ ಅರ್ಥ ನಮಗೆ ತಿಳಿಯದೇ ಒಳಗೆ ಸೇರಿಕೊಳ್ಳುತ್ತದೆ. ಮಗುವಿಗೆ ಹಟ ಮಾಡುವ ಹಕ್ಕು ಇತ್ತು.

ಚೆನ್ನೈನಲ್ಲಿ ಬೆಳೆದ ಕನ್ನಡದ ಮಗುವಾದರೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಎರಡೂ ಕಲಸಿದ ಅದರ ಮಾತನ್ನು ಹಾಡಿಗಾಗಿ ತಿದ್ದಿ ಶುದ್ಧ ಕನ್ನಡ ಮಾಡಬೇಡಿ. ಅದು ಅಂದ ತಮಿಳು ಮಾತು ಹಾಗೆಯೇ ಸಾಲಿನಲ್ಲಿ ಕೂರಲಿ.

ಪಟ್ಟಿ ದೊಡ್ಡದಾಗುತ್ತದೆ. ಹಾಡಿಗೆ ಮೂರು ನಾಲ್ಕು ವಿವರ ಸಾಕು. ಜರ್ಮನ್ ಕವಿ ಫ್ರೀಡ್ರಿಶ್ ರುಕರ್ಟ್ 1833–34ರ ಚಳಿಗಾಲದಲ್ಲಿ ಸ್ಕಾರ್ಲೆಟ್ ಜ್ವರಕ್ಕೆ ಇಬ್ಬರು ಮಕ್ಕಳನ್ನು ಕಳೆದುಕೊಂಡು ನಾನೂರಕ್ಕೂ ಹೆಚ್ಚು ಪದ್ಯ ಬರೆದ. ಮುಂದೆ ಗುಸ್ತಾಫ್ ಮಾಲರ್ ರಾಗ ಹಾಕಿದ್ದು ಅವುಗಳಲ್ಲಿ ಐದಕ್ಕೆ ಮಾತ್ರ. ಬರೆಯುವುದು ದುಃಖ ಇಳಿಸಿಕೊಳ್ಳಲು, ಆರಿಸುವುದು ಕೇಳುವವರಿಗಾಗಿ. ಎರಡನ್ನೂ ಒಂದೇ ದಿನ ಮಾಡಲಾಗುವುದಿಲ್ಲ.

ಒಂದು ಉದಾಹರಣೆಗೆ ನಾನೇ ಕಲ್ಪಿಸಿಕೊಂಡ ಮಗುವನ್ನು ತೆಗೆದುಕೊಳ್ಳುತ್ತೇನೆ. ಮಕ್ಕಳ ಉದ್ಯಾನದ ಬೇಲಿ ಹಿಡಿದು ಜಿಂಕೆ ಎಣಿಸುವ ಮಗು. ಎಣಿಸುವಾಗ ಪ್ರತಿ ಸಲ ಹನ್ನೊಂದರಿಂದ ಹದಿಮೂರಕ್ಕೆ ನೆಗೆಯುತ್ತದೆ. ಇಂಥ ಒಂದು ವಿವರ ಸಿಕ್ಕರೆ ಹಾಡು ತಾನಾಗಿ ಹೊರಡುತ್ತದೆ:

ಬೇಲಿ ಹಿಡಿದು ಎಣಿಸುತಿದ್ದೆ
ಹನ್ನೆರಡನು ಬಿಟ್ಟು ನೀನು
ಇಂದು ನಾವು ಎಣಿಸಿದಾಗ
ಒಂದು ಜಿಂಕೆ ಕಡಿಮೆ ಕಂದ

ಮೂರು ಮಾತ್ರೆಯ ನಾಲ್ಕು ಗಣ, ಪ್ರತಿ ಸಾಲಿಗೆ ಹನ್ನೆರಡು ಮಾತ್ರೆ. ಬೇಲಿ, ಹಿಡಿದು, ಎಣಿಸು, ತಿದ್ದೆ ಎಂದು ಕೈತಟ್ಟಿ ನೋಡಿ, ತಪ್ಪಿದರೆ ಕೈಗೇ ಗೊತ್ತಾಗುತ್ತದೆ. ಸಾವು ಎಂಬ ಮಾತು ಇಲ್ಲಿ ಬಂದಿಲ್ಲ, ಬರುವ ಅಗತ್ಯವೂ ಇಲ್ಲ. ಅದೇ ಲಯದಲ್ಲಿ ‘ಹೂವು ಬಾಡಿ ಹೋಯಿತಲ್ಲ, ದೇವರೆಡೆಗೆ ಹಾರಿತಲ್ಲ’ ಎಂದೂ ಬರೆಯಬಹುದು, ಮಾತ್ರೆ ಒಂದೂ ತಪ್ಪುವುದಿಲ್ಲ. ಆದರೆ ಹೂವು ತಾನಾಗಿ ಬಾಡುತ್ತದೆ. ಈ ಮಗು ತಾನಾಗಿ ಬಾಡಲಿಲ್ಲ. ಕಾಯಿಲೆಯಿಂದ ಹೋದ ಮಗುವಿನ ಹಾಡಿನಲ್ಲಿ ಹೂವಿಗೆ ಜಾಗವಿರಬಹುದು, ಹಿಂಸೆಯಿಂದ ಹೋದ ಮಗುವಿನ ಹಾಡಿನಲ್ಲಿ ಅದು ಆದದ್ದನ್ನು ಮರೆಮಾಚುತ್ತದೆ.

ಯಾರು ಯಾರಿಗೆ ಹಾಡುತ್ತಿದ್ದಾರೆ

ಪಲ್ಲವಿ ಹೊಳೆಯುವ ಮೊದಲೇ ಇದನ್ನು ಗೊತ್ತುಮಾಡಿಕೊಳ್ಳಬೇಕು. ಇದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಸತ್ತ ಮಗುವಿನ ಬಾಯಿಗೆ ನಮ್ಮ ಮಾತು ತುರುಕಬಾರದು. ‘ಅಮ್ಮಾ ಅಳಬೇಡ, ನಾನಿಲ್ಲಿ ಸುಖವಾಗಿದ್ದೇನೆ, ಎಲ್ಲರನ್ನೂ ಕ್ಷಮಿಸಿದ್ದೇನೆ’ ಎಂದು ಮಗುವೇ ಹಾಡುವಂತೆ ಬರೆಯುವುದು ಅತಿ ಸುಲಭ, ಕೇಳಿದವರೆಲ್ಲ ಅಳುತ್ತಾರೆ ಕೂಡ. ಆ ಮಗುವಿಗೆ ಬದುಕಿದ್ದಾಗ ಹೇಳಬೇಕಾದ್ದನ್ನು ಹೇಳಲು ಯಾರೂ ಬಿಡಲಿಲ್ಲ. ಈಗ ನಮಗೆ ಬೇಕಾದ ಸಮಾಧಾನವನ್ನು ಅದರ ಕೈಲಿ ಹೇಳಿಸುವುದು ನ್ಯಾಯವಲ್ಲ. ಕ್ಷಮಿಸುವುದಂತೂ ಅದರ ಪರವಾಗಿ ಬೇರೆ ಯಾರೂ ಮಾಡಲಾರದ ಕೆಲಸ. ಮಗು ನಿಜವಾಗಿ ಆಡಿದ ಮಾತಿದ್ದರೆ ಹಾಕಿ. ಅದರಾಚೆಗೆ ಒಂದಕ್ಷರವೂ ಬೇಡ.

ನ್ಯೂಯಾರ್ಕಿನ ಸುಝಾನ್ ವೇಗಾ 1987ರಲ್ಲಿ ಹಾಡಿದ ‘ಲೂಕಾ’ದಲ್ಲಿ ಹೊಡೆತ ತಿನ್ನುವ ಮಗುವೇ ಮಾತಾಡುತ್ತದೆ, ಇದನ್ನೇಕೆ ಒಪ್ಪಬೇಕು ಎಂದು ನೀವು ಕೇಳಬಹುದು. ಅಲ್ಲಿನ ಮಗು ಬದುಕಿದೆ, ಮೇಲಿನ ಮನೆಯಲ್ಲೇ ಇದೆ. ಅದು ಕೇಳುಗರನ್ನು ಸಂತೈಸುವುದಿಲ್ಲ. ನೆರೆಯವರು ಏನೂ ಕೇಳದಿರಲಿ ಎಂದು ವಿಷಯ ಮುಚ್ಚಿಡುತ್ತದೆ. ಆ ಮುಚ್ಚಿಡುವಿಕೆ ಕೇಳುವವರನ್ನು ಚುಚ್ಚುತ್ತದೆ.

ಇದೇ ಉಪಾಯ ನಮ್ಮ ‘ಕೆರೆಗೆ ಹಾರ’ದಲ್ಲಿ ಎಷ್ಟೋ ಹಿಂದಿನಿಂದ ಇದೆ. ಮಲ್ಲನಗೌಡನ ಕೆರೆಗೆ ನೀರು ಬೀಳದೆ ಕಿರಿಸೊಸೆ ಭಾಗೀರಥಿಯನ್ನು ಹಾರ ಕೊಡಲು ಮನೆಯವರು ನಿಶ್ಚಯಿಸುತ್ತಾರೆ. ವಿಷಯ ತಿಳಿದ ಅವಳು ತವರಿಗೆ ಹೋಗುತ್ತಾಳೆ. ಮುಖ ಬಾಡಿದ್ದೇಕೆಂದು ಅಪ್ಪ ಕೇಳುತ್ತಾನೆ, ಅವ್ವ ಕೇಳುತ್ತಾಳೆ. ಇಬ್ಬರಿಗೂ ಅವಳು ಬೇರೇನೋ ಹೇಳಿ ತಪ್ಪಿಸಿಕೊಳ್ಳುತ್ತಾಳೆ. ನಿಜ ಹೇಳುವುದು ಗೆಳತಿಗೆ ಮಾತ್ರ. ಆ ಗೆಳತಿಯಿಂದಲೂ ಏನೂ ಆಗುವುದಿಲ್ಲ. ಆಮೇಲೆ ಮೆಟ್ಟಿಲು ಮೆಟ್ಟಿಲಿಗೆ ನೀರು ಏರುತ್ತದೆ. ಹಾಡಿದ ಹೆಂಗಸರು ಎಲ್ಲೂ ಶಾಪ ಹಾಕಲಿಲ್ಲ, ರಕ್ತ ತೋರಿಸಲಿಲ್ಲ, ಮಾವ ಕೆಟ್ಟವನೆಂದು ಎದೆ ಬಡಿದುಕೊಳ್ಳಲಿಲ್ಲ. ಯಾರು ಏನು ಅಂದರು, ಯಾರು ಏನು ಮಾಡಿದರು ಎಂದಷ್ಟೇ ಹೇಳಿದರು. ಮನೆಯವರ ಕೈಯಲ್ಲೇ ಸತ್ತವಳ ಹಾಡು ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಕನ್ನಡದಲ್ಲಿ ಇಲ್ಲ. ಹಾಡು ಕಟ್ಟಲು ಕೂರುವ ಮೊದಲು ಬಲ್ಲವರ ಬಾಯಲ್ಲಿ ಅದನ್ನು ಪೂರ್ತಿ ಕೇಳಿ.

ಮಗು ಮಾತಾಡದಿದ್ದರೆ ಇನ್ಯಾರು ಮಾತಾಡಬೇಕು? ದೊಡ್ಡವರು ದೊಡ್ಡವರೊಡನೆ ಆಡಬಹುದು. ಹಲವು ಮಕ್ಕಳನ್ನು ಕಳೆದುಕೊಂಡ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಹೀಗೆ ಹುಟ್ಟಿದ ಕವಿತೆ. ಅಲ್ಲಿ ಮಾತು ಗಂಡನಿಂದ ಹೆಂಡತಿಗೆ. ಅಥವಾ ನೇರವಾಗಿ ಮಗುವಿಗೇ ಹೇಳಬಹುದು. ತಮಿಳರ ಒಪ್ಪಾರಿಯ ದಾರಿ ಇದು. ಸಾವಿನ ಮನೆಯಲ್ಲಿ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಗುಂಪಾಗಿ ಕೂತು, ಒಬ್ಬಳು ಎತ್ತಿಕೊಟ್ಟ ಸಾಲಿಗೆ ಉಳಿದವರು ದನಿಗೂಡಿಸುತ್ತ, ಸತ್ತವರನ್ನೇ ಎದುರಿಗಿಟ್ಟುಕೊಂಡು ಕೇಳುತ್ತಾರೆ: ಹೀಗೇಕೆ ಮಾಡಿದೆ, ನಿನ್ನ ಇಂಥ ಬಟ್ಟೆ ಏನು ಮಾಡಲಿ, ಇಂಥವರಿಗೆ ಏನು ಹೇಳಲಿ. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೇ ಕೇಳುವ ಪ್ರಶ್ನೆಗಳು. ಉತ್ತರ ಚೆನ್ನೈನ ಕೇರಿಗಳಲ್ಲಿ ಹುಟ್ಟಿದ ಗಾನಾ ಹಾಡುಗಳಲ್ಲೂ ಸಾವಿಗೆಂದೇ ಒಂದು ಬಗೆಯಿದೆ, ಅದನ್ನು ಮರಣ ಗಾನಾ ಎನ್ನುತ್ತಾರೆ. ಗಿಂಡಿಯ ಸುತ್ತಮುತ್ತ ವಾಸವಿರುವ ಕನ್ನಡದ ಮನೆಗಳಿಗೆ ಈ ಹಾಡುಗಾರರು ದೂರದವರಲ್ಲ. ಅವರಲ್ಲಿ ಒಬ್ಬರನ್ನು ಕರೆಸಿ ಕೇಳಿ ಕಲಿಯುವುದಾದರೆ ಕೂಲಿ ಕೊಟ್ಟು, ಗೌರವದಿಂದ ಕೂರಿಸಿ ಕಲಿಯಿರಿ.

ಆದದ್ದನ್ನು ಹೇಳುವ ಒಂದು ಸಾಲು

ಹಿಂಸೆಯ ಮಾತು ಹಾಡಿನಲ್ಲಿ ಬರಲೇಬೇಕೆ? ಬರಬೇಕೆಂದೇ ನನಗನಿಸುತ್ತದೆ, ಆದರೆ ಒಂದು ಚರಣದಷ್ಟು ಮಾತ್ರ. ಬರದಿದ್ದರೆ ಹಾಡು ಸುಳ್ಳಾಗುತ್ತದೆ, ಹೆಚ್ಚಾದರೆ ಹಾಡಿನ ತುಂಬ ಹೊಡೆದ ಕೈಯೇ ಕಾಣುತ್ತದೆ. ಮರಣೋತ್ತರ ವರದಿಯಲ್ಲಿರುವ ಯಾವುದನ್ನೂ ಹಾಡಿಗೆ ತರಬೇಡಿ. ಗಾಯವನ್ನು ಬಣ್ಣಿಸುವ ಬದಲು ಗಾಯ ನೋಡಿದವರು ಏನು ಮಾಡಿದರು ಎಂಬುದನ್ನು ಹೇಳಿ:

ಕೈಯ ಮೇಲೆ ಬರೆಯ ಕಂಡು
ಏನು ಎಂದು ಕೇಳಿದಾಗ
ಬಿದ್ದೆನೆಂದೆ, ನಂಬಿ ನಾನು
ಕದವ ಹಾಕಿ ಮಲಗಿಕೊಂಡೆ

ಇಲ್ಲೊಂದು ಎಚ್ಚರಿಕೆ. ಈ ‘ನಾನು’ ಹಾಡು ಬರೆದವರೇ ಆಗಿರಬೇಕು. ನೀವು ನೆರೆಯವರಾಗಿದ್ದು, ಇಂಥ ಸಾಲನ್ನು ತಾಯಿಯ ಬಾಯಿಗೆ ಇಟ್ಟರೆ ಅದು ಆಕೆಯ ಮೇಲೆ ಹೊರಿಸಿದ ಆರೋಪವಾಗುತ್ತದೆ. ಅವಳೂ ಅದೇ ಕೈಯಿಂದ ಹೊಡೆತ ತಿಂದವಳಾಗಿರಬಹುದು. ತಪ್ಪೊಪ್ಪಿಗೆಯನ್ನು ಯಾರೂ ಇನ್ನೊಬ್ಬರಿಗೆ ಬರೆದುಕೊಡಬಾರದು. ಬರೆಯುತ್ತ ಬರೆಯುತ್ತ ‘ನಾನು ಕೇಳಬೇಕಿತ್ತು, ನಾನು ನೋಡಬೇಕಿತ್ತು’ ಎಂಬುದೇ ತಲೆಯಲ್ಲಿ ಸುತ್ತತೊಡಗಿ ನಿದ್ದೆ ಬಿಟ್ಟರೆ, ಹಾಡನ್ನು ಬದಿಗಿಟ್ಟು 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಧಾಟಿ

ಸಿನಿಮಾ ಹಾಡಿನ ಧಾಟಿ ಬಾಯಿಗೆ ಬೇಗ ಹತ್ತುತ್ತದೆ. ಮನೆಯಲ್ಲಿ ಹಾಡಿಕೊಳ್ಳಲು ಅಡ್ಡಿಯಿಲ್ಲ. ಹೊರಗೆ ಬಿಡುವುದಾದರೆ ಅದರ ಸಂಗೀತದ ಹಕ್ಕು ಬೇರೆಯವರದ್ದು. ಹಳೆಯ ಜನಪದ ಮಟ್ಟುಗಳು ಯಾರ ಸೊತ್ತೂ ಅಲ್ಲ, ಅಲ್ಲದೆ ದುಃಖ ಹೊತ್ತು ಹಾಡಿದ ಗಂಟಲುಗಳಲ್ಲೇ ಪಳಗಿದವು. ತ್ರಿಪದಿಯನ್ನೇ ನೋಡಿ. ಮೂರು ಸಾಲು, ಹನ್ನೊಂದು ಗಣ; ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದದ್ದೆಲ್ಲ ವಿಷ್ಣುಗಣ. ಗಣದ ಲೆಕ್ಕ ಬರದಿದ್ದರೆ ಬಿಡಿ, ಗರತಿಯರು ಲೆಕ್ಕ ಹಾಕಿ ಹಾಡಿದವರಲ್ಲ. ಹಾಡುವಾಗ ಎರಡನೆಯ ಸಾಲನ್ನು ಮತ್ತೆ ಹೇಳಿ ಮೂರನೆಯದಕ್ಕೆ ಹೋಗುವ ಪದ್ಧತಿ ಅಳುವವರಿಗೆ ಮಾಡಿಟ್ಟಂತಿದೆ. ಗಂಟಲು ಕಟ್ಟಿದರೆ ಪುನರಾವರ್ತನೆಯನ್ನು ಉಳಿದವರು ಎತ್ತಿಕೊಳ್ಳುತ್ತಾರೆ, ಅಷ್ಟರಲ್ಲಿ ಉಸಿರು ತಿರುಗುತ್ತದೆ.

ಜೋಗುಳದ ಮಟ್ಟು ತೊಟ್ಟಿಲ ಕೂಸಿಗೆ ಸರಿ. ಒಂಬತ್ತು ಹತ್ತು ವರ್ಷದ ಮಗುವಿಗೆ ಜೋ ಜೋ ಹಾಡಿದರೆ ಆ ಮಗು ಮುಖ ಗಂಟಿಕ್ಕುತ್ತಿತ್ತು. ಅದರ ವಯಸ್ಸಿಗೆ ಮರ್ಯಾದೆ ಕೊಡಿ. ಅದು ಕುಣಿದ, ಕಪ್ಪೆ ಹಾರಿದ, ಕೈತಟ್ಟಿ ಆಡಿದ ಆಟದ ಲಯವನ್ನೇ ನಿಧಾನ ಮಾಡಿ ಬಳಸಬಹುದು.

ರಾಗ ಬಲ್ಲವರು ಶೋಕವೆಂದರೆ ತಕ್ಷಣ ಮುಖಾರಿ, ಶಿವರಂಜನಿ ಎನ್ನುತ್ತಾರೆ. ಮೊದಲ ಸ್ವರದಿಂದಲೇ ಅಳಿಸಿದರೆ ಮಗುವಿನ ನಗುವಿಗೆ ಜಾಗವೇ ಇರುವುದಿಲ್ಲ. ಮೋಹನದಲ್ಲಿ ಹೊರಟು ನೋಡಿ. ಸರಿಗಪದ, ಐದೇ ಸ್ವರ, ಮಕ್ಕಳ ಹಾಡುಗಳಿಗೆ ಒಗ್ಗುವ ರಾಗ. ಮೋಹನದ ಅಂತರ ಗಾಂಧಾರವನ್ನು ಸಾಧಾರಣ ಗಾಂಧಾರಕ್ಕೆ ಇಳಿಸಿದರೆ ಅದೇ ಶಿವರಂಜನಿ. ಉಳಿದ ನಾಲ್ಕು ಸ್ವರ ಇದ್ದಲ್ಲೇ ಇರುತ್ತವೆ. ಹಾರ್ಮೋನಿಯಮ್ಮಿನಲ್ಲಿ ಒಂದೇ ಮನೆ ಕೆಳಗೆ ಬೆರಳಿಟ್ಟರೆ ಆಯಿತು. ಜಿಂಕೆ ಎಣಿಸುವ ಸಾಲುಗಳನ್ನು ಮೋಹನದಲ್ಲಿ ಹಾಡಿ, ‘ಕಡಿಮೆ’ ಎಂಬ ಮಾತಿನಲ್ಲಿ ಒಮ್ಮೆ ಮಾತ್ರ ಆ ಗಾಂಧಾರ ಇಳಿಸಿ, ಮತ್ತೆ ಮೇಲೆ ಬನ್ನಿ. ಸಂಗೀತ ಕಲಿಯದವರ ಕಿವಿಗೂ ಅದು ತಟ್ಟುತ್ತದೆ.

ಶ್ರುತಿ ನಿಮ್ಮ ಮಾಮೂಲಿಗಿಂತ ಒಂದು ಮನೆ ತಗ್ಗಿಸಿಕೊಳ್ಳಿ, ಅಳು ಬಂದಾಗ ಮೇಲಿನ ಸ್ವರ ಕೈಕೊಡುತ್ತದೆ. ಸಾಲು ಒಂದು ಉಸಿರಿಗೆ ಮುಗಿಯುವಷ್ಟೇ ಉದ್ದ ಇರಲಿ. ವಾದ್ಯ ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದು ತಂಬೂರಿ, ಬೇಕಿದ್ದರೆ ಒಂದು ದಮ್ಮಡಿ ಸಾಕು.

ಹಾಡುವ ದಿನ

ಮಗು ತೀರಿಕೊಂಡ ದಿನಕ್ಕಿಂತ ಹುಟ್ಟಿದ ದಿನ ಹಾಡುವುದು ನನಗೆ ಇಷ್ಟ. ಸತ್ತ ದಿನದ ಮೇಲೆ ಪೊಲೀಸ್ ಕಡತಕ್ಕೂ ಪತ್ರಿಕೆಗೂ ಹಕ್ಕಿದೆ, ಹುಟ್ಟಿದ ದಿನ ಪೂರ್ತಿ ಮಗುವಿನದು.

ಆ ಮನೆಯಲ್ಲಿ ಉಳಿದ ಮಕ್ಕಳಿದ್ದರೆ ಹಾಡು ಮೊದಲು ಅವರ ಕಿವಿಗೆ ಬೀಳಲಿ, ಒಬ್ಬರೇ ಇದ್ದಾಗ, ಮೆಲ್ಲಗೆ. ಅವರೂ ಅದೇ ಹಿಂಸೆಯನ್ನು ಕಂಡವರು, ಬಹುಶಃ ಉಂಡವರು. ಯಾವುದಾದರೂ ಸಾಲು ಬೇಡವೆಂದರೆ ಕಾರಣ ಕೇಳದೆ ತೆಗೆಯಿರಿ. ಅಣ್ಣನನ್ನೋ ತಂಗಿಯನ್ನೋ ವೇದಿಕೆ ಹತ್ತಿಸಿ ಹಾಡಿಸುವ ಯೋಚನೆ ಯಾರಾದರೂ ತಂದರೆ ತಡೆಯಿರಿ. ಮಗುವೊಂದು ಸಭೆಯಲ್ಲಿ ಎದ್ದು ನಿಂತು ಅಳುತ್ತ ಹಾಡಿದರೆ ಅದರ ಮುಖದಿಂದಲೇ ಸತ್ತ ಮಗುವಿನ ಗುರುತು ಊರಿಗೆಲ್ಲ ತಿಳಿಯುತ್ತದೆ. ಕಾನೂನಿಗೂ ಇದು ತಪ್ಪು.

ಹೊರಗೆ ಹಾಡುವುದಾದರೆ, ಅದು ತ್ಯಾಗರಾಯನಗರದ ಕರ್ನಾಟಕ ಸಂಘದಲ್ಲಾಗಲಿ, ಕೈತೋಟದ ಸಣ್ಣ ಕೂಟದಲ್ಲಾಗಲಿ, ಪರಿಚಯದ ಮಾತು ಹೇಳುವವರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂದು ಕಾಗದದಲ್ಲಿ ಬರೆದುಕೊಡಿ. ಹಾಡಿನಲ್ಲಿ ಜೋಪಾನ ಮಾಡಿದ ಗುರುತು ನಿರೂಪಕರ ಒಂದು ವಾಕ್ಯದಲ್ಲಿ ಸೋರಿಹೋಗುತ್ತದೆ. ಮೊಬೈಲಿನ ಚಿತ್ರೀಕರಣ ಬೇಡವೆಂದು ಮೊದಲೇ ಹೇಳಿಸಿ.

ಹಾಡು ಯಾರದು

ಗಿಂಡಿಯ ಜಿಎಸ್‌ಟಿ ರಸ್ತೆಯಲ್ಲಿ ಬೌದ್ಧಿಕ ಆಸ್ತಿ ಭವನವಿದೆ. ಪೇಟೆಂಟು, ಟ್ರೇಡ್‌ಮಾರ್ಕುಗಳ ಜೊತೆಗೆ ಇಡೀ ದೇಶದ ಭೌಗೋಳಿಕ ಸೂಚ್ಯಂಕ ನೋಂದಣಿ ಅಲ್ಲೇ ಆಗುವುದು. ಮೈಸೂರು ರೇಷ್ಮೆಯ ಕಾಗದವೂ ಇಲ್ಲಿಂದಲೇ ಬಂದದ್ದು. ಹತ್ತಿರದಲ್ಲೇ ಇದೆಯೆಂದು ಹಾಡು ಹಿಡಿದು ಅಲ್ಲಿಗೆ ಹೋಗಬೇಕಿಲ್ಲ. ಕೃತಿಸ್ವಾಮ್ಯ ಕಚೇರಿ ಇರುವುದು ದೆಹಲಿಯಲ್ಲಿ, ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು. 1957ರ ಕಾಯ್ದೆಯ ಪ್ರಕಾರ ಹಾಡು ಬರೆದ ಕ್ಷಣದಿಂದಲೇ ಹಕ್ಕು ಬರೆದವರಿಗೆ ಬರುತ್ತದೆ, ಅವರ ಜೀವಿತಕಾಲ ಮತ್ತು ಆಮೇಲೆ ಅರವತ್ತು ವರ್ಷ ಇರುತ್ತದೆ. ನೋಂದಣಿ ಕಡ್ಡಾಯವಲ್ಲ. ಆದರೂ ಹಾಡು ಹೊರಗೆ ಹೋಗುವುದಾದರೆ ಮಾಡಿಸಿಕೊಳ್ಳಿ ಎಂದೇ ಹೇಳುತ್ತೇನೆ; ಇಂಥ ಹಾಡುಗಳನ್ನು ಯಾರೋ ಎತ್ತಿ, ಯಾವುದೋ ಮಗುವಿನ ಫೋಟೊ ಅಂಟಿಸಿ, ಹಣ ಕೇಳುವ ವಿಡಿಯೊ ಮಾಡುವುದುಂಟು. ಹಕ್ಕು ಕಾಗದದಲ್ಲಿ ನಿಮ್ಮದಾಗಿದ್ದರೆ ಅದನ್ನು ತೆಗೆಸುವುದು ಸುಲಭ.

ಬರೆದವರು, ಧಾಟಿ ಹಾಕಿದವರು, ಹಾಡಿದವರು ಬೇರೆ ಬೇರೆಯಾದರೆ ಒಂದು ಪುಟದ ಒಪ್ಪಂದ ಬರೆದುಕೊಳ್ಳಿ. ಅದರಲ್ಲಿ ಒಂದು ಮಾತು ಇರಲೇಬೇಕು: ಮಗುವನ್ನು ಸಾಕಿದವರು ಯಾವಾಗ ಸಾಕೆಂದರೂ ಹಾಡನ್ನು ಎಲ್ಲ ಕಡೆಯಿಂದ ತೆಗೆಯಬೇಕು. ಈ ವರ್ಷ ಕೇಳಬೇಕೆನಿಸಿದ ಹಾಡು ಐದು ವರ್ಷದ ನಂತರ ಅಸಹನೀಯ ಆಗಬಹುದು. ಹಾಡಿನಿಂದ ಹಣ ಬಂದರೆ ಯಾರಿಗೆ ಹೋಗಬೇಕೆಂಬುದನ್ನೂ ಅಲ್ಲೇ ಬರೆಯಿರಿ. ಚೆನ್ನೈನಲ್ಲಿ ಮಕ್ಕಳ ಲೈಂಗಿಕ ದೌರ್ಜನ್ಯ ತಡೆಗೆಂದೇ 2004ರಿಂದ ಕೆಲಸ ಮಾಡುತ್ತಿರುವ ತುಳಿರ್ ಎಂಬ ಸಂಸ್ಥೆಯಿದೆ. ಇಂಥ ಸಂಸ್ಥೆಗೆ ಕೊಡಬಹುದು.

ಕೊನೆಯದಾಗಿ 1098ರ ವಿಷಯ. ಮಕ್ಕಳ ಸಹಾಯವಾಣಿಯ ಈ ಸಂಖ್ಯೆಯನ್ನು ಹಾಡಿನ ಕೂಟದಲ್ಲಿ ಹೇಳಲೇಬೇಕು. ಕೇಳುತ್ತ ಕೂತವರಲ್ಲಿ ಪಕ್ಕದ ಮನೆಯ ಕೂಗು ಕೇಳಿಸಿಕೊಂಡು ಸುಮ್ಮನಿದ್ದವರು ಇದ್ದೇ ಇರುತ್ತಾರೆ. ಅದನ್ನು ಹಾಡಿನೊಳಗೆ ಸೇರಿಸಬೇಡಿ, ಹಾಡು ಮುಗಿದ ಮೇಲೂ ಹೇಳಬೇಡಿ. ಆಗ ಜನ ಕಣ್ಣೊರೆಸಿಕೊಳ್ಳುತ್ತಿರುತ್ತಾರೆ, ಯಾರ ಕಿವಿಗೂ ಹೋಗುವುದಿಲ್ಲ. ಹಾಡು ಶುರುವಾಗುವ ಮೊದಲೇ ಹೇಳಿ. ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಅನುಮಾನವಷ್ಟೇ ಇದ್ದರೂ ಸಾಕು, ಹೊಡೆತವನ್ನು ಕಣ್ಣಾರೆ ಕಂಡಿರಬೇಕಿಲ್ಲ ಎಂದು ಬಿಡಿಸಿ ಹೇಳಿ. ಎಲ್ಲರೂ ಆ ನಾಲ್ಕು ಅಂಕಿಗಳನ್ನು ಫೋನಿನಲ್ಲಿ ಬರೆದುಕೊಂಡ ಮೇಲೆ ಶ್ರುತಿ ಹಾಕಿ.